ಪ್ಲೇಟಿಗೆ ಹಿಡಿಸದ ಚರಣ

ಜುಲೈ 10, 1979, ಮಂಗಳವಾರ

ಇಂದಿನ ಪತ್ರಿಕೆಯ ಐದನೇ ಪುಟದಲ್ಲಿ ಒಂದು ತಪ್ಪು ಸುದ್ದಿ ಅಚ್ಚಾಗಿದೆ. ಕಳಿಸಿದವನು ಕೋಲಾರದ ಬಾತ್ಮೀದಾರ, ಅಂದರೆ ನಾನು.

ಹೋಳೂರಿನ ಯುವಕ ಸಂಘದವರು ಊರಿನ ಹಿರಿಯರಿಗೆ ಸನ್ಮಾನ ಮಾಡಿದರು ಎಂಬುದು ಸುದ್ದಿ. ಅಷ್ಟು ಸರಿ. ‘ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಿವೃತ್ತ ಶಿಕ್ಷಕಿ ಚಿಕ್ಕಗಂಗಮ್ಮ’ ಎಂಬುದು ತಪ್ಪು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಆಕೆಯ ತಮ್ಮನ ಮಗ ಮುನಿಕೃಷ್ಣಪ್ಪ ಸಿಕ್ಕ. ಮಾರುಕಟ್ಟೆಗೆ ರೇಷ್ಮೆಗೂಡು ಹಾಕಲು ಬಂದಿದ್ದನಂತೆ. ಗದ್ದಲದ ನಡುವೆ ಅವನ ಮಾತು ಸ್ಪಷ್ಟವಾಗಿ ಕೇಳಿಸಿತು.

“ಸಾರ್, ನಮ್ಮತ್ತೆ ಇಸ್ಕೂಲ್ ಮೆಟ್ಲು ಹತ್ತಿದೋರಲ್ಲ. ಅವ್ರು ಹೇಳಿದ್ದು ಪಾಟ ಸಾರ್. ತೆಲುಗು ಪಾಟ. ಹಾಡು. ನೀವು ಪಾಠ ಮಾಡ್ಬಿಟ್ರಿ.”

ಮನೆಗೆ ಬಂದು ಭಾರತಮ್ಮನಿಗೆ ಹೇಳಿದೆ. “ಅದಕ್ಯಾಕೆ ಮುಖ ಇಷ್ಟುದ್ದ? ನಮ್ಮ ಕಡೆ ಯಾರ ಬಾಯಲ್ಲಿ ಮಹಾಪ್ರಾಣ ಇದೆ ರೀ? ಪಾಠಾನೂ ಪಾಟಾನೇ, ಪಾಟಾನೂ ಪಾಟಾನೇ. ಕಿವಿ ನೆಟ್ಟಗಿರೋನೂ ಹಾಗೇ ಬರೀತಿದ್ದ” ಎಂದಳು. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಜೋರಾಗಿ ಹೇಳಿದಳು.

ಅವಳ ಮಾತು ಅರ್ಧ ನಿಜ. ಉಳಿದರ್ಧ ಇದು: ಚಿಕ್ಕಗಂಗಮ್ಮ ಅಂದು ನಾಟಕದ ಕಂಪನಿಯ ವಿಷಯವನ್ನೂ ಹೇಳಿದ್ದರಂತೆ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಒಂದು ಪದ ಕೇಳಿಸಿತು. ಮಿಕ್ಕಿದ್ದನ್ನು ನಾನೇ ತುಂಬಿಕೊಂಡೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಬೆಂಗಳೂರಿನ ಕಚೇರಿಗೆ ಇನ್ನೂ ಗೊತ್ತಿಲ್ಲ. ಕಿವುಡ ಬಾತ್ಮೀದಾರನನ್ನು ಯಾವ ಪತ್ರಿಕೆಯೂ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳಲೂ ಬಾರದು.

ಮುಂದಿನ ವಾರ ಬೆಂಗಳೂರಿನಲ್ಲಿ ಕಿವಿಯ ಡಾಕ್ಟರನ್ನು ನೋಡುವುದು. ಅದಕ್ಕೆ ಮೊದಲು ಹೋಳೂರಿಗೆ ಹೋಗಿ ಸರಿಯಾದ ಸಂಗತಿ ತಿಳಿದುಕೊಳ್ಳುವುದು.

ಜುಲೈ 13, ಶುಕ್ರವಾರ

ಸ್ಕೈಲ್ಯಾಬ್ ಆಸ್ಟ್ರೇಲಿಯಾದ ಕಡೆ ಬಿದ್ದಿದೆ. ಹೋಳೂರಿನ ಬಸ್ಸಿನಲ್ಲಿ ಅದೇ ಮಾತು. ಒಬ್ಬ ತನ್ನ ಹಿಪ್ಪುನೇರಳೆ ತೋಟ ಉಳಿಯಿತು ಎಂದ. ಇನ್ನೊಬ್ಬ, “ನಿನ್ನ ತೋಟ ಅಮೆರಿಕದೋರಿಗೆ ಗೊತ್ತಿದ್ರೆ ತಾನೇ ಬೀಳಾಕೆ” ಎಂದ. ಬಸ್ಸಿನಲ್ಲಿ ನನಗೆ ಎಲ್ಲವೂ ಕೇಳಿಸುತ್ತದೆ. ಬಸ್ಸಿನಿಂದ ಇಳಿದರೆ ಇಲ್ಲ. ಇದೇಕೆ ಎಂದು ಡಾಕ್ಟರನ್ನು ಕೇಳಬೇಕು.

ಚಿಕ್ಕಗಂಗಮ್ಮನಿಗೆ ಅರವತ್ತನಾಲ್ಕು, ಅರವತ್ತೈದು ಇರಬಹುದು. ಹಲ್ಲಿಲ್ಲ. ಹನ್ನೊಂದನೇ ವಯಸ್ಸಿಗೆ ನಾಟಕದ ಕಂಪನಿ ಸೇರಿದರು. ಕಂಪನಿ ಮುಚ್ಚಿದ ಮೇಲೆ ಊರಿಗೆ ಬಂದು, ಸುತ್ತಲ ಹಳ್ಳಿಗಳಲ್ಲಿ ನಾಟಕ ಕಟ್ಟುವವರಿಗೆ ಹಾಡು ಕಲಿಸಿದರು. ಮುನಿಕೃಷ್ಣಪ್ಪ ಪಕ್ಕದಲ್ಲಿ ಕೂತು ಒಂದೊಂದನ್ನೂ ಜೋರಾಗಿ ಹೇಳಿದ್ದರಿಂದ ಬರೆದುಕೊಳ್ಳಲಾಯಿತು. ಕೊನೆಗೆ ಅವನು ಬೇರೆ ಮಾತು ತೆಗೆದ.

“ತಿದ್ದೋದು ಬ್ಯಾಡಿ ಸಾರ್. ಪೋಸ್ಟ್‌ಮ್ಯಾನೇ ಟೀಚರಮ್ಮ ಅಂತಾನೆ ಈಗ. ನಾಟಕದೋಳು ಅನ್ನಿಸ್ಕೊಳೋದಕ್ಕಿಂತ ಮೇಲಲ್ವಾ?”

“ನಿಂಗೆ ಮೇಲು ಕಣೋ” ಎಂದರು ಚಿಕ್ಕಗಂಗಮ್ಮ. ಅವನು ನನಗೆ ಅದನ್ನೂ ಹೇಳಬೇಕಾಯಿತು. “ನಾಳೆ ಯಾರಾನಾ ಬಂದು ಮಗ್ಗಿ ಕೇಳಿದ್ರೆ ನಾನೇನ್ ಹೇಳ್ಲಿ?”

ಆಧಾರ ಏನಾದರೂ ಇದೆಯೇ ಎಂದು ಕೇಳಿದೆ. ಅದು ನನ್ನ ಅಭ್ಯಾಸ. ಅವರು ಒಳಗಿನಿಂದ ಗ್ರಾಮಫೋನ್ ತರಿಸಿದರು. ಮೇಲೆ ಕೊಳವೆ ಇಲ್ಲ. ಮರದ ಪೆಟ್ಟಿಗೆಯ ಹೊಟ್ಟೆಯಲ್ಲೇ ಬಾಯಿ. ಅವರು ಹಾಡಿದ ಒಂದೇ ಒಂದು ಪ್ಲೇಟು ಉಳಿದಿದೆ. 1934ರಲ್ಲಿ ಕಂಪನಿ ಬೆಂಗಳೂರಿನಲ್ಲಿ ಬಿಡಾರ ಹೂಡಿದ್ದಾಗ ಮದರಾಸಿನಿಂದ ಬಂದ ರೆಕಾರ್ಡಿಂಗಿನವರು ಹಿಡಿದದ್ದು. ಮುನಿಕೃಷ್ಣಪ್ಪ ಕೀ ಕೊಟ್ಟು ಮುಳ್ಳು ಇಟ್ಟ. ನನಗೆ ಸೊಳ್ಳೆಯಷ್ಟು ಕೇಳಿಸಿತು. ಹಾಡು ಎಂದರೆ ನನಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಅಡಚಣೆ. ಆದ್ದರಿಂದ ಬೇಸರವೇನೂ ಆಗಲಿಲ್ಲ.

ಪ್ಲೇಟಿನ ನಡುವಿನ ಚೀಟಿಯಲ್ಲಿ ಹೆಸರಿದೆಯೇ ನೋಡೋಣ ಎಂದು ಬಗ್ಗಿದೆ. ಗದ್ದ ಪೆಟ್ಟಿಗೆಯ ಅಂಚಿಗೆ ತಗುಲಿತು.

ಹಾಡು ನನ್ನ ತಲೆಯೊಳಗೆ ಬಂತು. ಹೊರಗಿನಿಂದ ಬಂದಂತೆ ಅಲ್ಲ. ಯಾರೋ ನನ್ನ ದವಡೆಯಲ್ಲಿ ಕೂತು ಹಾಡಿದ ಹಾಗೆ. ಎಳೆಯ ಹೆಣ್ಣುದನಿ, ಬಹಳ ಎತ್ತರದಲ್ಲಿ. ಒಂದೊಂದು ಅಕ್ಷರವೂ ಕೇಳಿಸಿತು. ತಲೆ ಎತ್ತಿದರೆ ನಿಂತಿತು, ಇಟ್ಟರೆ ಬಂತು. ಪ್ಲೇಟು ಮುಗಿಯುವವರೆಗೆ ಹಾಗೇ ಬಗ್ಗಿದ್ದೆ.

ಎದ್ದಾಗ ಚಿಕ್ಕಗಂಗಮ್ಮ ನಗುತ್ತಿದ್ದರು. ಅವರ ಕಂಪನಿಯ ಹಾರ್ಮೋನಿಯಂ ಮೇಷ್ಟ್ರಿಗೂ ಕಿವಿ ಮಂದವಂತೆ. ಪೆಟ್ಟಿಗೆಗೆ ಗದ್ದ ಆನಿಸಿಕೊಂಡೇ ನುಡಿಸುತ್ತಿದ್ದರಂತೆ. ಗದ್ದದಲ್ಲಿ ಗೆರೆ ಬಿದ್ದಿತ್ತಂತೆ.

ಜುಲೈ 14, ಶನಿವಾರ

ಹಾಡು ಕೇಳಿಸಿದ್ದು ಎಡಗಿವಿಯಲ್ಲಿ. ಹೆಚ್ಚು ಕೆಟ್ಟಿರುವುದು ಅದೇ.

ಜುಲೈ 16, ಸೋಮವಾರ

ನಿನ್ನೆ ಪ್ರಧಾನಿ ರಾಜೀನಾಮೆ ಕೊಟ್ಟಿದ್ದಾರೆ. ಪತ್ರಿಕೆ ಬಂದ ಮೇಲೂ ಬಹಳ ಹೊತ್ತು ಮಡಚಿಕೊಂಡೇ ಬಿದ್ದಿತ್ತು. ಭಾರತಮ್ಮ ಓದಿ ನನಗೆ ಹೇಳಿದಳು. ಅಡುಗೆ ಮನೆಯ ಮರದ ಡಬ್ಬಕ್ಕೆ ಗಡಿಯಾರ ಆನಿಸಿ, ಡಬ್ಬಕ್ಕೆ ಗದ್ದ ಆನಿಸಿ ನೋಡುತ್ತಿದ್ದೆ. ಟಿಕ್‌ಟಿಕ್ ಕೇಳಿಸುತ್ತದೆ.

ಜುಲೈ 19, ಗುರುವಾರ

ಬೆಂಗಳೂರು. ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ನಿಧಾನವಾಗಿ, ನನ್ನ ಮುಖ ನೋಡಿಕೊಂಡು ಮಾತಾಡುತ್ತಾರೆ. ಕವಲಿರುವ ಉಕ್ಕಿನ ತುಂಡೊಂದನ್ನು ಮೊಣಕೈಗೆ ಬಡಿದು ಕಿವಿಯ ಮುಂದೆ ಹಿಡಿದರು: ಕೇಳಿಸಲಿಲ್ಲ. ಕಿವಿಯ ಹಿಂದಿನ ಮೂಳೆಗೆ ಇಟ್ಟರು: ಕೇಳಿಸಿತು. ಹಣೆಯ ನಡುವೆ ಇಟ್ಟರು: ಎಡಗಿವಿಗೆ ಹೋಯಿತು.

ಅವರು ವಿವರಿಸಿದ್ದು: ಒಳಗಿನ ನರ ಚೆನ್ನಾಗಿದೆ. ಗಾಳಿಯ ಸದ್ದನ್ನು ಒಳಗೆ ತಲುಪಿಸುವ ಒಂದು ಪುಟ್ಟ ಮೂಳೆ ಗಟ್ಟಿಯಾಗಿ ಅಲುಗಾಡದಾಗಿದೆ. ಮೂಳೆಯ ಮೂಲಕ ಬರುವ ಸದ್ದಿಗೆ ಆ ದಾರಿ ಬೇಡ. ಬಸ್ಸಿನ ಪ್ರಶ್ನೆಗೂ ಉತ್ತರ ಸಿಕ್ಕಿತು: ಬಸ್ಸಿನ ಗದ್ದಲಕ್ಕೆ ಎಲ್ಲರೂ ಕೂಗಿ ಮಾತಾಡುತ್ತಾರೆ; ಗದ್ದಲ ನನ್ನ ಕಿವಿಯ ತನಕ ಬರುವುದಿಲ್ಲ, ಕೂಗು ಬರುತ್ತದೆ.

ಆಪರೇಷನ್ ಮಾಡಿ ಆ ಮೂಳೆಯ ಬದಲು ಬೇರೆ ಕಡ್ಡಿ ಕೂರಿಸಬಹುದು. ಮೊದಲು ಎಡಗಿವಿ. ಸರಿಹೋದರೆ ಮಾಮೂಲಿನಂತೆ ಕೇಳಿಸುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಕೈ ತಪ್ಪುತ್ತದೆ. ಆಗ ಒಳಗಿನ ನರವೂ ಹೋಗಿ, ಆ ಕಿವಿಗೆ ಮೂಳೆಯಿಂದಲೂ ಏನೂ ಕೇಳಿಸುವುದಿಲ್ಲ.

ಆಗಸ್ಟ್ ಏಳಕ್ಕೆ ಬರಲು ಹೇಳಿದ್ದಾರೆ. ಒಪ್ಪಿಕೊಂಡು ಬಂದೆ. ಯೋಚಿಸಲು ಏನೂ ಇಲ್ಲ.

ಜುಲೈ 29, ಭಾನುವಾರ

ಮುಳಬಾಗಿಲಿಗೆ ಮಾರುಕಟ್ಟೆ ಸಮಿತಿಯ ಸುದ್ದಿಗೆಂದು ಹೋದೆ. ಸುದ್ದಿ ಸಿಕ್ಕಿತು. ಆಮೇಲೆ ಮೈಕ್‌ಸೆಟ್ ಸುಬ್ಬರಾಯಪ್ಪನ ಅಂಗಡಿಗೆ ಹೋದೆ. ಈಗ ಅವನದು ಆಂಪ್ಲಿಫೈಯರು, ಸೀರಿಯಲ್ ಲೈಟು. ಅವನ ತಂದೆಯ ಕಾಲದಲ್ಲಿ ಮದುವೆಗಳಿಗೆ ಗ್ರಾಮಫೋನ್ ಕೊಂಡೊಯ್ಯುತ್ತಿದ್ದರು ಎಂದು ಯಾರೋ ಹೇಳಿದ್ದರು.

“ಏಮಿ ಸಾರ್, ಪೇಪರೋರಿಗೆ ಪಾಟಲ ಪಿಚ್ಚಿ ಪಟ್ಟಿಂದಾ?” ಎಂದ. ಹಾಡಿನ ಹುಚ್ಚು ಹಿಡಿಯಿತಾ ಎಂದು. ಬರೇ ಕುತೂಹಲ ಎಂದೆ. “ನಮ್ಮ ನಾಯನಂದೂ ಹಂಗೇ ಶುರುವಾಗಿದ್ದು. ಕೊನೆಗೆ ನಮ್ಮಮ್ಮ ಪ್ಲೇಟು ಒಲೆಗಿಕ್ತೀನಿ ಅನ್ನೋವರ್ಗೂ ಹೋಯ್ತು” ಎಂದು ಅಟ್ಟ ಹತ್ತಿ ಪೆಟ್ಟಿಗೆಯನ್ನೂ ಒಂದು ಗೋಣಿಚೀಲವನ್ನೂ ಇಳಿಸಿದ. ಪ್ಲೇಟುಗಳ ನಡುವೆ ಹಳೇ ಪಂಚೆಯ ಚೂರುಗಳಿದ್ದವು. ಮೂರು ಒಡೆದಿದ್ದವು, ಮಿಕ್ಕವು ಸರಿಯಾಗಿದ್ದವು. ಬೇಕಾದಷ್ಟು ದಿನ ಇಟ್ಟುಕೊಳ್ಳಿ ಎಂದ.

ತಿಳಿದುಕೊಂಡದ್ದು: ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ, ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಪಲ್ಲವಿ, ಚರಣ, ಆಲಾಪ ಎಲ್ಲ ಮುಗಿಯಬೇಕು. ಆದ್ದರಿಂದ ಹಳಬರು ಹಾಡಿಗೆ ಹಾರಿ ಬೀಳುತ್ತಾರೆ, ಮುನ್ನುಡಿ ಇಲ್ಲ. ಕಂಪನಿಯವರ ದನಿ ಎತ್ತರದಲ್ಲಿರುವುದಕ್ಕೆ ಕಾರಣ, ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನ ಚಾಪೆಯವನಿಗೂ ಕೇಳಿಸಬೇಕಿತ್ತು. ಒಳ್ಳೆಯ ಸುದ್ದಿಯನ್ನೂ ಹೀಗೇ ಬರೆಯಬೇಕು.

ಆಗಸ್ಟ್ 3, ಶುಕ್ರವಾರ

ತಿದ್ದುಪಡಿ ಇಂದು ಬಂದಿದೆ. ‘ಚಿಕ್ಕಗಂಗಮ್ಮ ನಿವೃತ್ತ ಶಿಕ್ಷಕಿಯಲ್ಲ, ನಾಟಕ ಕಂಪನಿಯ ಹಳೆಯ ನಾಯಕಿ.’ ನಾನು ಬರೆದದ್ದು ಗಾಯಕಿ. ಕಾರ್ಬನ್ ಪ್ರತಿ ತೆಗೆದು ನೋಡಿದೆ. ಗಾಯಕಿ ಎಂದೇ ಇದೆ.

ಸಂಜೆ ಹೋಳೂರಿಗೆ ಹೋಗಿ ತೋರಿಸಿದೆ. ಮುನಿಕೃಷ್ಣಪ್ಪ ನಗುವುದನ್ನು ನಿಲ್ಲಿಸಲೇ ಇಲ್ಲ. ಚಿಕ್ಕಗಂಗಮ್ಮ, “ನಾಯಕಿ ಪಾರ್ಟು ನಾನು ಎರಡೇ ಸಲ ಕಟ್ಟಿದ್ದು ನಾಯನಾ, ಅದೂ ನಾಯಕಿಗೆ ಜ್ವರ ಬಂದಾಗ. ಇರ್ಲಿ ಬಿಡು, ಇದನ್ನ ತಿದ್ದಬೇಡ” ಎಂದರಂತೆ.

ಈ ಸಲ ತಪ್ಪಿದ್ದು ನನ್ನ ಕಿವಿಯಲ್ಲ. ಅಕ್ಷರ ಜೋಡಿಸುವವನ ಕಣ್ಣು.

ಪ್ಲೇಟನ್ನು ಐದು ಸಲ ಕೇಳಿದೆ. ಕೊನೆಯಲ್ಲಿ ಒಬ್ಬ ಗಂಡಸು ಮೆಲ್ಲಗೆ ‘ಭೇಷ್’ ಅನ್ನುತ್ತಾನೆ. ಹಾರ್ಮೋನಿಯಂ ಮೇಷ್ಟ್ರು. ಅದಕ್ಕೆ ಮದರಾಸಿನವರು ಬೈದರಂತೆ.

ಆಗಸ್ಟ್ 5, ಭಾನುವಾರ

ಆಸ್ಪತ್ರೆಗೆ ಫೋನ್ ಮಾಡಿಸಿ, ಏಳಕ್ಕೆ ಬರಲಾಗುವುದಿಲ್ಲ ಎಂದು ಹೇಳಿಸಿದೆ. ಕೆಲಸ ಇದೆ ಎಂದು ಕಾರಣ ಕೊಟ್ಟೆ.

ಆಗಸ್ಟ್ 12, ಭಾನುವಾರ

ಬೆಳಿಗ್ಗೆಯಿಂದ ಪೆಟ್ಟಿಗೆಗೆ ಗದ್ದ ಆನಿಸಿ ಕೂತಿದ್ದೆ. ಭಾರತಮ್ಮ ಎದುರಿಗೆ ಬಂದು ನಿಂತು ಪ್ಲೇಟಿನಿಂದ ಮುಳ್ಳು ಎತ್ತಿದಳು. ಎರಡು ಸಲ ಕರೆದಿದ್ದಳಂತೆ.

“ಮನೇಲಿ ಬದುಕಿರೋಳ ಮಾತು ಕೇಳಿಸಲ್ಲ. ಸತ್ತೋರ ಹಾಡು ಮಾತ್ರ ಕೇಳುತ್ತೆ.”

“ಎಲ್ಲರೂ ಸತ್ತಿಲ್ಲ” ಎಂದೆ. ಉತ್ತರ ಸಮರ್ಪಕವಾಗಿರಲಿಲ್ಲ.

“ನಾನೂ ಮರದ ಪೆಟ್ಟಿಗೆಯೊಳಗೆ ಕೂತ್ಕೊಂಡು ಮಾತಾಡಬೇಕೇನೋ. ಏಳನೇ ತಾರೀಕು ಯಾಕೆ ಹೋಗಲಿಲ್ಲ? ಕೆಲಸ ಅಂದ್ರಿ. ಆವತ್ತು ಇಡೀ ದಿನ ಮನೇಲೇ ಇದ್ರಿ.”

ಕಾರಣವನ್ನು ಇದ್ದ ಹಾಗೆ ಹೇಳಿದೆ. ಎಡಗಿವಿಯಲ್ಲಿ ಮೊದಲು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಈಗ ಇದೆ. ಒಬ್ಬಿಬ್ಬರಲ್ಲಿ ನಾನೂ ಒಬ್ಬನಾದರೆ ಈ ಹಾಡುಗಳು ಆ ಕಿವಿಯಿಂದ ಹೋಗುತ್ತವೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯ ಆ ಕಡೆಯ ಅಂಚಿಗೆ ತಾನೂ ಗದ್ದ ಇಟ್ಟಳು. ನಾನು ಮುಳ್ಳು ಇಟ್ಟೆ. ಪ್ಲೇಟು ತಿರುಗುತ್ತಿತ್ತು, ಅದರ ಆಚೆ ಅವಳ ಮುಖ. ಅರ್ಧ ಹಾಡಿಗೆ ಬೆರಳೆತ್ತಿ ಏನೋ ತೋರಿಸಿದಳು. ಮುಗಿದ ಮೇಲೆ ಕೂಗಿ ಹೇಳಿದಳು: “ತಿದಿ ಒತ್ತೋ ಸದ್ದು. ಕಾಲ್ಪೆಟ್ಟಿಗೆ ಹಾರ್ಮೋನಿಯಂ ಅದು.” ನಾನು ಇಷ್ಟು ದಿನ ಅದನ್ನು ಪ್ಲೇಟಿನ ಗೀರು ಎಂದುಕೊಂಡಿದ್ದೆ. ಮತ್ತೆ ಇಟ್ಟು ಕೇಳಿದೆವು. ಅವಳು ಹೇಳಿದ್ದು ಸರಿ.

ಊಟ ತಡವಾಯಿತು.

ಆಗಸ್ಟ್ 21, ಮಂಗಳವಾರ

ಶ್ರೀನಿವಾಸಪುರದಲ್ಲಿ ಒಬ್ಬರ ಮನೆಯಲ್ಲಿ ಹನ್ನೆರಡು ಪ್ಲೇಟು. ಎರಡು ಬಹಳ ಚೆನ್ನಾಗಿವೆ. ಅಲ್ಲಿ ಮಾವಿನ ಬೆಳೆಗಾರರ ಸಭೆಯೂ ಇತ್ತು. ನೆನಪಾದಾಗ ಮುಗಿದಿತ್ತು.

ಸೆಪ್ಟೆಂಬರ್ 9, ಭಾನುವಾರ

ಭಾರತಮ್ಮ ಚಿಕ್ಕಗಂಗಮ್ಮನನ್ನು ನೋಡಬೇಕೆಂದಳು. ಇಬ್ಬರೂ ಬೆಳಗಿನ ಬಸ್ಸಿಗೆ ಹೋದೆವು. ಹುರುಳಿಕಾಳಿನ ಸಾರು, ರಾಗಿಮುದ್ದೆ ಮಾಡಿಸಿದ್ದರು. ಊಟದ ನಂತರ ಜಗುಲಿಯಲ್ಲಿ ಪೆಟ್ಟಿಗೆ ಇಟ್ಟು ಅವರ ಪ್ಲೇಟು ಹಾಕಿದೆವು.

ಈ ಹಾಡಿನ ವಿಷಯ ಇಲ್ಲಿ ಬರೆದಿಲ್ಲ. ಗಂಡ ಬಿಟ್ಟುಹೋದ ರಾಣಿಯೊಬ್ಬಳು ಕಾಡಿನಲ್ಲಿ ಒಂದೊಂದೇ ಮರವನ್ನು ನಿಲ್ಲಿಸಿಕೊಂಡ ಹಾಗೆ ಕೇಳುತ್ತಾಳೆ: ಅವನು ಯಾವ ಕಡೆ ಹೋದ? ಹೊಂಗೆಯನ್ನು ಕೇಳುತ್ತಾಳೆ, ಅತ್ತಿಯನ್ನು ಕೇಳುತ್ತಾಳೆ, ಬಿಲ್ವವನ್ನು ಕೇಳುತ್ತಾಳೆ. ಪ್ರತಿ ಸಲವೂ ಕೇಳುವ ರೀತಿ ಬೇರೆ. ಹೊಂಗೆಗೆ ರಾಣಿಯಂತೆ ಅಪ್ಪಣೆ. ಬಿಲ್ವದ ಹತ್ತಿರ ಬರುವಷ್ಟರಲ್ಲಿ ದನಿ ತಗ್ಗಿ, ಪಕ್ಕದ ಮನೆಯವಳನ್ನು ಕೇಳಿದ ಹಾಗೆ. ಅಲ್ಲಿಗೆ ‘ಭೇಷ್’, ಪ್ಲೇಟು ಮುಗಿಯಿತು.

ಮರಗಳು ಏನು ಹೇಳಿದವು ಎಂದು ಕೇಳಿದೆ. ಎರಡು ತಿಂಗಳಿನಿಂದ ಕೇಳಬೇಕೆಂದಿದ್ದೆ. ಪ್ರಶ್ನೆ ಮಾತ್ರ ಇದ್ದು ಉತ್ತರ ಇಲ್ಲದ ವರದಿಯನ್ನು ನಾನು ಎಂದೂ ಕಳಿಸಿದವನಲ್ಲ.

ಚಿಕ್ಕಗಂಗಮ್ಮ ಹೇಳಿದ್ದನ್ನು ಭಾರತಮ್ಮ ನನ್ನ ಕಿವಿಯ ಹತ್ತಿರ ಕೂಗಿ ಹೇಳಿದಳು. ಉತ್ತರ ಕೊನೆಯ ಚರಣದಲ್ಲಿದೆ. ನಾಟಕದಲ್ಲಿ ದಿನವೂ ಹಾಡುತ್ತಿದ್ದರು. ಪ್ಲೇಟಿಗೆ ಹಿಡಿಸಲಿಲ್ಲ, ಮೂರು ನಿಮಿಷ ಆಗಿಹೋಯಿತು. ಮದರಾಸಿನವರು ಕೈ ಎತ್ತಿಬಿಟ್ಟರು.

“ಈಗ ಬರುತ್ತಾ ದೊಡ್ಡಮ್ಮ?” ಎಂದಳಂತೆ ಭಾರತಮ್ಮ.

ಅವರು ಎಲೆಅಡಿಕೆ ಉಗುಳಿ ಬಂದು ಕೂತರು. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು. ಹಾಡಿದರು.

ನನಗೆ ಕೇಳಿಸಲಿಲ್ಲ.

ಬಾಯಿ ಆಡುವುದು ಕಾಣಿಸಿತು. ಹಲ್ಲಿಲ್ಲದ ಬಾಯಿಯಿಂದ ಅಕ್ಷರ ಹಿಡಿಯಲಾಗಲಿಲ್ಲ. ಕುತ್ತಿಗೆಯ ನರ ಎದ್ದಿತು, ಇಳಿಯಿತು. ಕೈ ಒಂದು ಸಲ ಬಲಕ್ಕೆ ಹೋಯಿತು, ಅಲ್ಲೇ ನಿಂತಿತು. ಎದುರಿಗೆ ಮೊಳದಷ್ಟು ದೂರದಲ್ಲಿ ಕೂತು ಹಾಡುತ್ತಿದ್ದಾರೆ. ಪೆಟ್ಟಿಗೆಯೊಳಗಿನ ಹತ್ತೊಂಬತ್ತು ವರ್ಷದ ಹುಡುಗಿಯ ಉಸಿರು ನನಗೆ ಗೊತ್ತು, ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದೂ ಗೊತ್ತು. ಇವರದು ಗೊತ್ತಾಗಲಿಲ್ಲ. ಗದ್ದ ಇಡಲು ಇಲ್ಲಿ ಮರವಿಲ್ಲ.

ಮುನಿಕೃಷ್ಣಪ್ಪನ ಕೈಯಲ್ಲಿ ಹಗ್ಗ ಇತ್ತು, ಹಸು ಕಟ್ಟಲು ಹೊರಟಿದ್ದ. ಹಾಗೇ ನಿಂತುಬಿಟ್ಟ. ಭಾರತಮ್ಮ ಕಣ್ಣೊರೆಸಿಕೊಂಡಳು, ಆಮೇಲೆ ನಕ್ಕಳು. ಯಾವುದಕ್ಕೆ ಅಳು, ಯಾವುದಕ್ಕೆ ನಗು ಎಂದು ತಿಳಿಯಲಿಲ್ಲ. ನಾನೂ ತಲೆಯಾಡಿಸಿದೆ. ಸಭೆಗಳಲ್ಲಿ ಎರಡು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ.

ಚಿಕ್ಕಗಂಗಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಏನೋ ಹೇಳಿ ಒಳಗೆ ಹೋದರು.

ಹಿಂದಿರುಗುವ ಬಸ್ಸು ತುಂಬಿತ್ತು. ಎಂಜಿನ್ ಪಕ್ಕದ ಸೀಟು ಸಿಕ್ಕಿತು. ಭಾರತಮ್ಮ ಮುಖ್ಯವಾದ ಮಾತುಗಳನ್ನೆಲ್ಲ ಈಗ ಬಸ್ಸಿಗೇ ಇಟ್ಟುಕೊಳ್ಳುತ್ತಾಳೆ.

“ಕೊನೇಲಿ ಏನಂದ್ರು?” ಎಂದೆ.

“ಪಾಪ, ಸುಮ್ಮನೆ ತಲೆಯಾಡಿಸ್ತಾನೆ, ಮೇಷ್ಟ್ರು ಹೀಗೆ ಮಾಡ್ತಿರಲಿಲ್ಲ, ಕೇಳದಿದ್ರೆ ಕೇಳಲಿಲ್ಲ ಅಂತಿದ್ರು, ಅಂದ್ರು.”

ಆಮೇಲೆ ಕೇಳಿದೆ. “ಮರಗಳು ಏನು ಹೇಳ್ತವೆ?”

“ಹೇಳಲ್ಲ.”

“ಮರಗಳಾ?”

“ನಾನು. ನಾನು ಹೇಳಲ್ಲ.”

ಜೇಬಿನ ಪುಸ್ತಕ, ಪೆನ್ನು ಕೊಟ್ಟೆ. ಪದಗಳನ್ನಾದರೂ ಬರೆದುಕೊಡು ಎಂದೆ. ಅವಳು ಎರಡನ್ನೂ ನನ್ನ ಜೇಬಿಗೇ ಸೇರಿಸಿದಳು.

“ಪದ ಬರ್ಕೊಂಡ್ರೆ ನಿಮ್ಮ ಪೇಪರ್ ಸುದ್ದಿ ಥರ ಆಗುತ್ತೆ. ಅದು ಪದದಲ್ಲಿಲ್ಲ ರೀ. ಆ ಬಿಲ್ವದ ಮರ ಅದೇನೋ ಅನ್ನುತ್ತಲ್ಲ, ಅನ್ನೋ ರೀತೀಲಿದೆ.”

“ಹಾಗಾದರೆ ಬಿಲ್ವ ಮಾತಾಡುತ್ತೆ ಅಂತಾಯಿತು.”

“ಇಷ್ಟೇ. ಇನ್ನು ಬಾಯಿ ಬಿಡಿಸಬೇಡಿ. ಆಯಮ್ಮನ್ನ ಬಸ್ ಹತ್ತಿಸಿ ಹಾಡಿಸೋಕಾಗುತ್ತಾ? ಕೇಳಬೇಕು ಅನ್ನಿಸಿದ್ರೆ ಕಿವಿ ತಗೊಂಡು ಬನ್ನಿ, ಹೋಳೂರಿಗೆ ನಾನೂ ಬರ್ತೀನಿ.”

ಹಿಂದಿನ ಸೀಟಿನಲ್ಲಿ ಯಾರೋ ಟೊಮೆಟೊ ಧಾರಣೆ ಹೇಳುತ್ತಿದ್ದರು. ಕೇಳಿಸಿತು. ಬರೆದುಕೊಳ್ಳಲಿಲ್ಲ.

ಸೆಪ್ಟೆಂಬರ್ 10, ಸೋಮವಾರ

ಕೇಳಿಸದ ಪದವನ್ನು ಊಹೆಯಿಂದ ತುಂಬಬಾರದು. ಕೊನೆಯ ಚರಣ ಹೀಗಿರಬಹುದು ಎಂದು ಬೆಳಿಗ್ಗೆಯಿಂದ ನಾಲ್ಕು ಬಗೆ ಯೋಚಿಸಿದೆ. ನಾಲ್ಕೂ ಸರಿಯೆನಿಸುತ್ತವೆ, ಆದ್ದರಿಂದ ಒಂದೂ ಸರಿಯಿಲ್ಲ.

ಪತ್ರಿಕೆಯ ಕಚೇರಿಗೆ ಕಿವಿಯ ವಿಷಯ ಇದ್ದ ಹಾಗೆ ಬರೆದು ಕಳಿಸಿದೆ. ಒಂದು ತಿಂಗಳು ರಜೆ ಕೇಳಿದ್ದೇನೆ. ಅವರು ಏನು ಮಾಡುತ್ತಾರೋ ತಿಳಿಯದು.

ಭಾರತಮ್ಮ ಅಂಚೆ ಕಚೇರಿಗೆ ಬಂದು ಆಸ್ಪತ್ರೆಗೆ ಟ್ರಂಕ್ ಕಾಲ್ ಮಾಡಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಡಾಕ್ಟರೇ ಸಿಕ್ಕರು. ಅಪಾಯದ ಮಾತನ್ನು ಇನ್ನೊಮ್ಮೆ ಹೇಳಿದರಂತೆ. ಅದನ್ನು ಅವಳು ಚೀಟಿಯಲ್ಲಿ ಬರೆದು ತೋರಿಸಿದಳು. ಓದಿ, ಆಗಲಿ ಎಂದೆ.

ಸೆಪ್ಟೆಂಬರ್ 19, ಬುಧವಾರ ಬೆಳಿಗ್ಗೆ ಎಂಟಕ್ಕೆ ದಾಖಲಾಗಬೇಕು. ಗುರುವಾರ ಎಡಗಿವಿಗೆ ಆಪರೇಷನ್.